ಅವ್ವನ ಡಬ್ಬಿ

ಊಟಕ್ಕೆಂದು ಎಲ್ಲರೂ ಚಾಪೆಯ ಮೇಲೆ ಕೂತು ಬುತ್ತಿ ಬಿಚ್ಚಿದಾಗ ಪಾರ್ವತೆವ್ವನ ಸ್ಟೀಲ್ ಡಬ್ಬಿ ಕಾಣಲಿಲ್ಲ. ರೊಟ್ಟಿ ಇತ್ತು, ಬದನೆಕಾಯಿ ಪಲ್ಯ ಇತ್ತು, ಶೇಂಗಾ ಚಟ್ನಿ ತುಂಬಿಕೊಂಡು ಬಂದಿದ್ದ ಡಬ್ಬಿ ಮಾತ್ರ ಇಲ್ಲ. ಕುವೈತಿನ ಅಬ್ಬಾಸಿಯಾದಲ್ಲಿ ಅವರೆಲ್ಲ ಸೇರಿದ್ದ ಫ್ಲ್ಯಾಟಿನ ಹಾಲ್‌ನಲ್ಲಿ ಹುಡುಕಲು ಜಾಗವೂ ಉಳಿದಿರಲಿಲ್ಲ; ಗೋಡೆಯುದ್ದಕ್ಕೂ ಟೇಪು ಸುತ್ತಿದ ರಟ್ಟಿನ ಪೆಟ್ಟಿಗೆಗಳು. ಹಿಮದ ಗಡಿಯಲ್ಲಿ ಕಾವಲಿರುವ ಸೈನಿಕರಿಗೆ ಕುವೈತಿನ ಕನ್ನಡಿಗರು ಕಳಿಸುವ ಉಡುಗೊರೆ ಅದು. ರಜೆಗೆ ಊರಿಗೆ ಹೋಗುವವರು ತಮ್ಮ ಲಗೇಜಿನಲ್ಲಿ ಒಂದೊಂದನ್ನು ಒಯ್ದು ಬೆಂಗಳೂರಿನ ಒಂದು ಟ್ರಸ್ಟಿಗೆ ಮುಟ್ಟಿಸುತ್ತಾರೆ. ಅಲ್ಲಿಂದ ಅವು ಗಡಿಗೆ ಹೋಗುತ್ತವೆ.

"ಚಿತ್ರಾ ಮೇಡಂ, ಮೇಜಿನ ಮ್ಯಾಲ ನನ್ನ ಡಬ್ಬಿ ಇಟ್ಟಿದ್ನಲ್ರಿ, ಖರ್ಜೂರದ ಡಬ್ಬಿಗಳ ಬಾಜೂಕ."

ಚಿತ್ರಾಳ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು. ಈ ಕೆಲಸಕ್ಕೆಲ್ಲ ಅವಳೇ ಮುಂದಾಳು. ಮನೆಯಲ್ಲಿ ಮಾಡಿದ್ದನ್ನು ಹಾಕಬಾರದು ಎಂಬ ಕಾನೂನೂ ಅವಳದೇ. ಖರ್ಜೂರ, ಬಾದಾಮಿ, ಚಳಿಗಾಲ ಮುಗಿದಾಗ ಎಗೈಲಾದ ಮಾಲ್‌ನಲ್ಲಿ ಅಗ್ಗಕ್ಕೆ ಸಿಕ್ಕ ಉಣ್ಣೆಯ ಕಾಲುಚೀಲ, ಅಷ್ಟೇ. ಬೆಳಿಗ್ಗೆ ಪಾರ್ವತೆವ್ವ, "ಒಂದಿಷ್ಟ ಚಟ್ನಿ ಹಾಕೂಣೇನ್ರಿ?" ಎಂದು ಕೇಳಿದ್ದಕ್ಕೆ ನಕ್ಕು, "ಪಾರ್ವತಕ್ಕ, ಅವರಿಗೆ ಕ್ವಾಲಿಟಿ ಐಟಂ ಹೋಗ್ಬೇಕು. ಕುವೈತಿನ ಖರ್ಜೂರ ಅಂದ್ರೆ ಎಷ್ಟು ಖುಷಿ ಪಡ್ತಾರೆ ಗೊತ್ತಾ?" ಎಂದಿದ್ದಳು. ಆ ಖರ್ಜೂರದ ಭರಾಟೆಯಲ್ಲಿ ಇದೂ ಒಂದು ಡಬ್ಬಿಯೆಂದು ತಾನೇ ಯಾವುದೋ ಪೆಟ್ಟಿಗೆಗೆ ಇಳಿಸಿಬಿಟ್ಟಿದ್ದಾಳೆ. ಯಾವ ಪೆಟ್ಟಿಗೆ ಎಂಬುದು ದೇವರಿಗೇ ಗೊತ್ತು.

"ಎಲ್ಲಾ ಬಿಚ್ಚಿ ನೋಡೋಣ್ವಾ?" ಎಂದಳು ಚಿತ್ರಾ. ಬೇಡ ಅನ್ನಿ ಎಂಬ ಪ್ರಾರ್ಥನೆ ಆ ದನಿಯಲ್ಲೇ ಇತ್ತು.

"ಬ್ಯಾಡ ಬಿಡ್ರಿ. ಬೆಳಿಗ್ಗಿಂದ ಬೆನ್ನ ಬಗ್ಗಿಸಿ ಕಟ್ಟೀರಿ."

ಹೇಳುವಾಗ ಏನೋ ಹೇಳಿಬಿಟ್ಟಳು, ಮನೆ ಸೇರಿದ ಮೇಲೆ ಡಬ್ಬಿ ಇಡುತ್ತಿದ್ದ ಜಾಗವನ್ನೇ ಮತ್ತೆ ಮತ್ತೆ ನೋಡಿದಳು. ಮದುವೆಯಲ್ಲಿ ಅವ್ವ ಕೊಟ್ಟ ಡಬ್ಬಿ ಅದು. ಮುಚ್ಚಳದ ಮೇಲೆ 'ಪಾರ್ವತೆವ್ವಗ ಅವ್ವನ ಆಶೀರ್ವಾದ' ಎಂದು ಪಾತ್ರೆ ಅಂಗಡಿಯಲ್ಲಿ ಹೇಳಿ ಕೊರೆಸಿದ್ದಳು. ಓದು ಬಾರದ ಅವ್ವ ಜೀವಮಾನದಲ್ಲಿ ಬರೆಸಿದ್ದು ಆ ಒಂದು ಸಾಲು. ಅವ್ವ ತೀರಿಕೊಂಡು ಎಷ್ಟೋ ವರ್ಷಗಳಾದರೂ ಆ ಮುಚ್ಚಳ ತೆಗೆದಾಗಲೆಲ್ಲ ಅವಳು ಪಕ್ಕದಲ್ಲೇ ಇದ್ದಾಳೆ ಎನಿಸುತ್ತಿತ್ತು.

ಗಂಡ ಫಕೀರಪ್ಪನಿಗೆ ಮಾತ್ರ ಇದು ನಗುವ ವಿಷಯವಾಯಿತು. ರಾಯ್ ಕೈಗಾರಿಕಾ ಪ್ರದೇಶದ ವರ್ಕ್‌ಶಾಪಿನಿಂದ ಬಂದು ಬೂಟು ಬಿಚ್ಚುತ್ತಲೇ ಕೇಳುವನು: "ಏನ ಪಾರವ್ವಾ, ನಿನ್ನ ಡಬ್ಬಿ ಈಗ ಯಾವ ಗುಡ್ಡದ ಮ್ಯಾಲ ಡ್ಯೂಟಿ ಮಾಡಾಕತ್ತೈತಿ? ಪ್ರಮೋಷನ್ ಏನರ ಆತೇನ?"

"ನಗ್ರಿ ನಗ್ರಿ. ಖಾಲಿ ಬಂದ್ರೂ ಸೈ, ನನ್ನ ಡಬ್ಬಿ ನನಗ ಬರ್ಲಿ."

ಪಾರ್ವತೆವ್ವ ಯಾರ ಮನೆಯ ಪಾತ್ರೆಯನ್ನೂ ಖಾಲಿ ಹಿಂತಿರುಗಿಸಿದವಳಲ್ಲ. ಬೇರೇನೂ ಇಲ್ಲದಿದ್ದರೆ ಒಂದು ಹಿಡಿ ಸಕ್ಕರೆಯನ್ನಾದರೂ ಹಾಕಿಯೇ ಕೊಡುವವಳು. ಅಂಥವಳು ಖಾಲಿ ಡಬ್ಬಿಗೂ ಒಪ್ಪಿಕೊಂಡಿದ್ದಳು ಎಂದರೆ ಅದು ಬರುವ ಆಸೆ ಎಷ್ಟು ಉಳಿದಿತ್ತೆಂದು ನೀವೇ ಊಹಿಸಬಹುದು.

ಚಳಿಗಾಲದಲ್ಲಿ ಚಿತ್ರಾಳ ಗಂಡ ರಾಜೀವ್ ಊರಿಗೆ ಹೋಗಿ ಬಂದ. ಮರುದಿನವೇ ಚಿತ್ರಾ ಪಾರ್ವತೆವ್ವನ ಬಾಗಿಲು ತಟ್ಟಿದಳು. ಕೈಯಲ್ಲಿ ಅದೇ ಡಬ್ಬಿ. ಒಂದು ಕಡೆ ನೆಗ್ಗಿತ್ತು, ಮುಚ್ಚಳದ ಅಕ್ಷರಗಳು ಹಾಗೇ ಇದ್ದವು. ಪಾರ್ವತೆವ್ವ ಅದನ್ನು ಎದೆಗೊತ್ತಿಕೊಂಡಳು, ಕಣ್ಣು ತುಂಬಿ ಬಂತು. ಡಬ್ಬಿ ಭಾರವಾಗಿದೆ ಎಂದು ಗೊತ್ತಾದದ್ದು ಆಮೇಲೆ.

"ಗದಗಿನ ಕಡೆಯ ಹವಾಲ್ದಾರ್ ಒಬ್ಬರಿಗೆ ಸಿಕ್ಕಿತ್ತಂತೆ, ಅಕ್ಕ. ಚಟ್ನಿ ಒಂದೇ ಊಟಕ್ಕೆ ಖಲಾಸ್. ಪಂಜಾಬಿನವರೂ ಡಬ್ಬಿ ಬಳಿದ್ರಂತೆ. ಮುಚ್ಚಳದ ಮೇಲೆ ಏನು ಬರೆದಿದೆ ಅಂತ ಎಲ್ಲರೂ ಕೇಳಿ ಹೇಳಿಸ್ಕೊಂಡ್ರಂತೆ. ರಜೆಗೆ ಬಂದಾಗ ಅವರೇ ಟ್ರಸ್ಟಿಗೆ ತಂದುಕೊಟ್ಟಿದಾರೆ." ಚಿತ್ರಾ ಚಪ್ಪಲಿಯನ್ನು ಬಾಗಿಲ ಬದಿಗೆ ಸರಿಸಿದಳು. "ತಾಯಿ ಕೊಟ್ಟ ಡಬ್ಬಿ ಖಾಲಿ ಕಳಿಸಬಾರ್ದು ಅಂತ ಅಲ್ಲಿ ಉಳಿದಿದ್ದನ್ನ ತುಂಬಿ ಕೊಟ್ಟಿದಾರೆ."

ಯಾಕೋ ಅವಳು ಪಾರ್ವತೆವ್ವನ ಮುಖ ನೋಡದೆ ನೆಲ ನೋಡುತ್ತಿದ್ದಳು. ಪಾರ್ವತೆವ್ವ ಮುಚ್ಚಳ ತೆಗೆದಳು. ಒಳಗೆ ಕುವೈತಿನ ಖರ್ಜೂರ, ಒತ್ತೊತ್ತಾಗಿ ಕಂಠದವರೆಗೆ.

ಹಿಂದಿನಿಂದ ಇಣುಕಿದ ಫಕೀರಪ್ಪ ಕೆಮ್ಮು ಬಂದವನಂತೆ ಅಡುಗೆಮನೆಗೆ ಹೋದ. ಅಲ್ಲಿಂದ ಬಹಳ ಹೊತ್ತು ಕೆಮ್ಮು ಕೇಳುತ್ತಲೇ ಇತ್ತು.

ಮುಂದಿನ ಶುಕ್ರವಾರ ಮತ್ತೆ ಪೆಟ್ಟಿಗೆ ಕಟ್ಟುವ ಕೆಲಸ. ಕಾನೂನು ಯಾವಾಗ ಬದಲಾಯಿತೆಂದು ಯಾರೂ ಕೇಳಲಿಲ್ಲ. ಚಿತ್ರಾ ತಾನೇ ಶೇಂಗಾ ಹುರಿದು ತಂದಿದ್ದಳು, ಅರ್ಧ ಸೀದಿತ್ತು. ಸೀದದ್ದನ್ನು ಆರಿಸಿ ಪಕ್ಕಕ್ಕೆ ಸರಿಸಿ ಮಿಕ್ಕಿದ್ದನ್ನು ಪಾರ್ವತೆವ್ವ ಕುಟ್ಟಿದಳು, ಉಳಿದವರು ಪೊಟ್ಟಣ ಕಟ್ಟಿದರು. ಕೊನೆಯ ಪೆಟ್ಟಿಗೆ ಮುಚ್ಚುವ ಮೊದಲು ಅವಳು ತನ್ನ ಚೀಲದಿಂದ ಅವ್ವನ ಡಬ್ಬಿ ತೆಗೆದು, ಚಟ್ನಿ ತುಂಬಿ, ಒಳಗಿಡಲು ಹೋದಳು. ಚಿತ್ರಾ ಕೈ ಹಿಡಿದಳು.

"ಬೇಡ ಪಾರ್ವತಕ್ಕ. ನಿಮ್ಮಮ್ಮ ಕೊಟ್ಟಿದ್ದು. ಈ ಸಲ ಬರ್ದೇ ಹೋದ್ರೆ?"

ಪಾರ್ವತೆವ್ವ ಮುಚ್ಚಳದ ಮೇಲಿನ ಸಾಲನ್ನು ಸೆರಗಿನಿಂದ ಒಮ್ಮೆ ಒರೆಸಿ, ಕಾಲುಚೀಲಗಳ ನಡುವೆ ಡಬ್ಬಿಗೆ ಜಾಗ ಮಾಡಿ, ಟೇಪು ಎಳೆದಳು.

"ಬರತೈತಿ ಬಿಡ್ರಿ. ನಿಮ್ಮ ಖರ್ಜೂರ ಅಲ್ಲಿ ಇನ್ನೂ ಭಾಳ ಉಳದಾವ."