ಡೀಸೆಲ್ ಸ್ನಾನ

ಗ್ಯಾರೇಜಿನ ಮುಂದೆ ಬಂದು ನಿಂತ ಕಾರಿನ ನಾಲ್ಕೂ ಟೈರುಗಳು ಎಣ್ಣೆಯಲ್ಲಿ ಅದ್ದಿ ತೆಗೆದಂತಿದ್ದವು. ಇಳಿದವನು ಮೆಕ್ಯಾನಿಕ್‌ನ ತಂಗಿಯ ಗಂಡ. ಬಂಕಿನ ಹತ್ತಿರದ ತಿರುವಿನಲ್ಲಿ ಲಾರಿಯಿಂದ ಪೀಪಾಯಿ ಉರುಳಿ ರಸ್ತೆಯ ತುಂಬ ಎಣ್ಣೆ ಚೆಲ್ಲಿತ್ತಂತೆ. ಇವನು ನೋಡಿ ಬ್ರೇಕ್ ಹಾಕುವಷ್ಟರಲ್ಲಿ ಕಾರು ಅದರ ನಟ್ಟನಡುವೆ ಹೋಗಿ ಸೊಂಟ ಕುಣಿಸಿ ನಿಂತಿತಂತೆ.

“ಪುಟ್ಟೀನ ಪರೀಕ್ಷೆಗೆ ಬಿಡ್ಬೇಕು ಭಾವ. ಮನೆಯಿಂದ ಆಚೆ ಪೂರ್ತಿ ಇಳಿಜಾರು. ಈ ಟೈರಲ್ಲಿ ಅವಳನ್ನ ಕೂರಿಸ್ಕೊಂಡು ಹೋಗೋಕೆ ಧೈರ್ಯ ಬರ್ತಿಲ್ಲ. ಒಂದು ಬಕೆಟ್ ನೀರು, ಸೋಪಿನ ಪುಡಿ ಕೊಡಿ, ಉಜ್ಕೊಂಡು ಹೋಗ್ತೀನಿ.”

“ಸೋಪಿನ ಪುಡಿನಾ? ಅಳಿಯಂದ್ರು ಮನೇಲಿ ಪಾತ್ರೆ ತೊಳೆಯೋದು ಗೊತ್ತಿತ್ತು, ರಸ್ತೇಲೂ ಶುರು ಮಾಡಿದ್ರಾ?” ಮೆಕ್ಯಾನಿಕ್ ನಕ್ಕ. “ಅದು ಗೇರ್ ಎಣ್ಣೆ ಕಣ್ರೀ, ಸೋಪಿಗೆಲ್ಲ ಬಗ್ಗಲ್ಲ. ಸುಮ್ನೆ ಕೂತ್ಕೊಳ್ಳಿ. ಒಳ್ಳೇ ಸ್ನಾನ ಮಾಡಿಸಿ ಕಳಿಸ್ತೀನಿ.”

ತಂಗಿಯ ಮಗಳು ಪುಟ್ಟಿಯೆಂದರೆ ಮೆಕ್ಯಾನಿಕ್‌ಗೆ ಪ್ರಾಣ. ತನಗೆ ಮಕ್ಕಳಿಲ್ಲದ ಕೊರತೆಯನ್ನು ಅವಳು ಇದೇ ಗ್ಯಾರೇಜಿನ ಟೈರುಗಳ ಮೇಲೆ ಹತ್ತಿ ಇಳಿದು ತುಂಬಿದ್ದಳು. ಅವಳು ಕೂರುವ ಗಾಡಿ ಎಂದ ಮೇಲೆ ಬೇರೆಯವರ ಕೈಗೆ ಬಿಡುವ ಮಾತೇ ಇಲ್ಲ. ಬಿಚ್ಚಿಟ್ಟ ಎಂಜಿನ್ ತೊಳೆಯಲು ಬಳಸುವ ಸ್ಪ್ರೇ ಗನ್ನಿಗೆ ಡೀಸೆಲ್ ತುಂಬಿ ಅವನು ಕಾರಿನ ಪಕ್ಕ ಕುಕ್ಕರಗಾಲಿನಲ್ಲಿ ಕೂತ. ಎಂಜಿನ್ನಿನ ಮಸಿಯಿಂದ ಹಿಡಿದು ಉಗುರಿನ ಗ್ರೀಸಿನವರೆಗೆ, ಡೀಸೆಲ್ಲಿಗೆ ಜಗ್ಗದ ಕೊಳೆಯನ್ನು ಅವನು ಈವರೆಗೆ ಕಂಡಿರಲಿಲ್ಲ. ಟೈರಿನ ಗೀರುಗಳಿಗೆ ಹೊಡೆದ, ಅಂಚಿಗೆ ಹೊಡೆದ, ಒಳಗೂ ಎಣ್ಣೆ ಸಿಡಿದಿರಬಹುದೆಂದು ಚಕ್ರದ ಕಿಂಡಿಗಳಲ್ಲಿ ಗನ್ನಿನ ಮೂತಿ ತೂರಿಸಿ ಸರಿಯಾಗಿ ಹೊಡೆದ. ಆಮೇಲೆ ಬಟ್ಟೆ ತೆಗೆದುಕೊಂಡು ಒಂದೊಂದೇ ಟೈರನ್ನು ಒರೆಸಿದ. ನಾಲ್ಕೂ ಕಪ್ಪಗೆ ಮಿಂಚಿದವು.

“ನೋಡಿ, ಶೋರೂಮಿಂದ ಬಂದ ಹಾಗಿಲ್ವಾ?”

“ನಿಮ್ಮ ಕೈ ಬಿದ್ದ ಮೇಲೆ ಕೇಳ್ಬೇಕಾ ಭಾವ. ಈಗ ಜೀವ ಬಂತು ನೋಡಿ” ಎಂದು ತಂಗಿಯ ಗಂಡ ಕಾರು ಹತ್ತಿದ.

ಗ್ಯಾರೇಜಿನಿಂದ ರಸ್ತೆಗೆ ಒಂದು ಸಣ್ಣ ಇಳಿಜಾರು. ಕಾರು ಅದರ ಕೊನೆಗೆ ಬಂದಾಗ ಅಡ್ಡಲಾಗಿ ಒಂದು ಸ್ಕೂಟರ್ ಬಂತು. ಕಾರಿನ ಹಿಂದೆ ಕೆಂಪು ದೀಪ ಹತ್ತಿತು. ಕಾರು ಮಾತ್ರ ನಿಲ್ಲದೆ ರಸ್ತೆಯೊಳಗೆ ಮೂತಿ ಚಾಚಿತು. ಸ್ಕೂಟರಿನವನು ಬೈದುಕೊಂಡು ಪಕ್ಕಕ್ಕೆ ಹೊರಳಿಸಿ ಪಾರಾದ. ತಂಗಿಯ ಗಂಡ ಕಿಟಕಿಯಿಂದ ತಲೆ ಹೊರಹಾಕಿ, ತಪ್ಪು ತನ್ನದೇ ಎನ್ನುವಂತೆ ಹಲ್ಲು ಕಿರಿದು, ಕೈಬೀಸಿ ಏರುದಾರಿ ಹಿಡಿದ. ಮೆಕ್ಯಾನಿಕ್ ಕೂಡ ನಕ್ಕ. ನಮ್ಮ ಅಳಿಯಂದ್ರಿಗೆ ಈ ಜನ್ಮದಲ್ಲಿ ಗಾಡಿ ಓಡಿಸೋಕೆ ಬರಲ್ಲ ಎಂದುಕೊಂಡು ಗನ್ನನ್ನು ಮೊಳೆಗೆ ಸಿಕ್ಕಿಸಲು ಹೋದ.

ಸಿಕ್ಕಿಸಲಿಲ್ಲ. ಕೆಂಪು ದೀಪ ಹತ್ತಿತ್ತಲ್ಲ ಎಂಬುದು ಅವನಿಗೆ ಆಗ ಹೊಳೆಯಿತು. ಅಂದರೆ ಬ್ರೇಕು ಒತ್ತಿದ್ದಾನೆ. ಟೈರು ಜಾರಿದ್ದೇ ಆದರೆ ಚಕ್ರ ನಿಂತು ಜಾರಬೇಕಿತ್ತು. ಚಕ್ರ ತಿರುಗುತ್ತಲೇ ಇತ್ತು. ಅವನು ಕೈಯಲ್ಲಿದ್ದ ಗನ್ನನ್ನು ನೋಡಿದ. ಕಿಂಡಿಯೊಳಗೆ ಮೂತಿ ತೂರಿಸಿ ಹೊಡೆದದ್ದು ನೇರ ಬ್ರೇಕಿನ ಮೇಲೆ. ಚಕ್ರವನ್ನು ಹಿಡಿದು ನಿಲ್ಲಿಸಬೇಕಾದ ಬ್ರೇಕ್ ಪ್ಯಾಡುಗಳಿಗೆ, ನಾಲ್ಕೂ ಚಕ್ರಗಳಲ್ಲಿ, ಅವನೇ ಹೊಟ್ಟೆ ತುಂಬ ಡೀಸೆಲ್ ಕುಡಿಸಿದ್ದ. ಟೈರಿನ ಎಣ್ಣೆಯಾದರೆ ರಸ್ತೆಯಲ್ಲಿ ಸವೆದು ಹೋಗುತ್ತಿತ್ತು. ಇದು ಹೋಗುವುದಿಲ್ಲ. ತಂಗಿಯ ಮನೆಯವರೆಗೆ ಏರುದಾರಿ, ಏರಿನಲ್ಲಿ ಬ್ರೇಕಿಗೆ ಕೆಲಸವೇ ಇಲ್ಲ. ತಂಗಿಯ ಗಂಡನಿಗೆ ಗೊತ್ತಾಗುವುದು ಪುಟ್ಟಿಯನ್ನು ಕೂರಿಸಿಕೊಂಡು ಆಚೆ ಬದಿ ಇಳಿಯುವಾಗ.

ಮೆಕ್ಯಾನಿಕ್ ರಸ್ತೆಗೆ ಓಡಿದ. ಕಾರು ತಿರುವು ದಾಟಿತ್ತು. ಬೆನ್ನಟ್ಟಲು ತನ್ನ ಸ್ಕೂಟರ್ ಎಂದರೆ ಅದರ ಎಂಜಿನ್ ತಿಂಗಳಿಂದ ಮೇಜಿನ ಮೇಲೆ ಬಿಚ್ಚಿ ಬಿದ್ದಿತ್ತು, ದೀಪದ ಬುಡದಲ್ಲಿ ಯಾವಾಗಲೂ ಕತ್ತಲೆ. ಹೋಗುತ್ತಿದ್ದ ಒಂದು ವ್ಯಾನಿಗೆ ಕೈ ಅಡ್ಡ ಹಾಕಿದ. ಮೈಯೆಲ್ಲ ಮಸಿ ಮೆತ್ತಿಕೊಂಡು ಬಾಯಿಬಾಯಿ ಬಿಡುತ್ತಿದ್ದವನನ್ನು ನೋಡಿ ವ್ಯಾನಿನವನು ವೇಗ ಹೆಚ್ಚಿಸಿದ. ತಂಗಿಯ ಗಂಡನಿಗೆ ಫೋನ್ ಮಾಡಿದ. ರಿಂಗಾಗಿ ರಿಂಗಾಗಿ ನಿಂತಿತು. ಮತ್ತೆ ಮಾಡಿದ. ಡೀಸೆಲ್ ಮೆತ್ತಿದ ಬೆರಳಿಗೆ ಫೋನು ಹಿಡಿತ ಸಿಗದೆ ಜಾರುತ್ತಿತ್ತು. ಕೊನೆಗೆ ತಂಗಿಗೆ ಮಾಡಿದ.

“ಅವರು ಬಂದ್ರಾ? ಹೊರಡಬೇಡಿ ಅನ್ನು. ಕಾರು ಮುಟ್ಟಬೇಡಿ ಅನ್ನು.”

“ಅಯ್ಯೋ, ಈಗ ತಾನೇ ಹೊರಟ್ರಲ್ಲ ಅಣ್ಣ. ಹೊತ್ತಾಯ್ತು ಅಂತ ಒಳಗೂ ಬರ್ಲಿಲ್ಲ. ಗೇಟಿನ ಹತ್ರ ಹಾರ್ನ್ ಹೊಡೆದ್ರು, ಇವಳು ಓಡಿ ಹೋಗಿ ಹತ್ಕೊಂಡ್ಳು. ಯಾಕೆ, ಏನಾಯ್ತು?”

“ಅವರು ಫೋನ್ ಎತ್ತಿಲ್ಲ ಕಣೇ. ಪುಟ್ಟಿಗೆ ಮಾಡು, ಬೇಗ ಮಾಡು.”

“ಪರೀಕ್ಷೆಗೆ ಫೋನ್ ಬಿಡ್ತಾರಾ ಅಣ್ಣ? ಅವಳದ್ದು ಇಲ್ಲೇ ಇದೆ.” ಆ ಕಡೆಯಿಂದ ತಂಗಿ, ಗಂಡನ ಒಳ್ಳೆಯತನ ಹೇಳಿಕೊಳ್ಳುವ ದನಿಯಲ್ಲೇ ಮುಂದುವರಿಸಿದಳು:

“ಇವರಂತೂ ಎತ್ತೋದೇ ಇಲ್ಲ. ಸ್ಟೇರಿಂಗ್ ಹಿಡಿದ ಮೇಲೆ ಫೋನ್ ಮುಟ್ಟಲ್ಲ ಅಂತ ಪುಟ್ಟಿ ಮೇಲೆ ಆಣೆ ಹಾಕಿಸ್ಕೊಂಡಿದ್ದು ನೀನೇ ಅಲ್ವಾ? ಪಾಪ, ಅವತ್ತಿಂದ ಒಂದು ದಿನಾನೂ ತಪ್ಪಿಲ್ಲ.”