ಎರಡಕ್ಕೂ ಜಾಗವಿದ್ದ ಬೋರ್ಡು

ಕಂಪ್ಯೂಟರಿನ ಗುಂಡಿ ಒತ್ತಿದಳು. ಫ್ಯಾನು ತಿರುಗಿತು, ಪರದೆ ಕಪ್ಪಾಗಿಯೇ ಉಳಿಯಿತು. ಸಣ್ಣಗೆ ಸುಟ್ಟ ವಾಸನೆ. ತಲೆಯೆತ್ತಿದರೆ ಫೋಟೋ ಸ್ಟುಡಿಯೋ ಬಾಗಿಲಲ್ಲಿ ಚಿಕ್ಕಪ್ಪ. ಯಾವಾಗಿನಿಂದ ನಿಂತಿದ್ದರೋ.

ಕಂಪ್ಯೂಟರಿನೊಳಗಿನ ಆ ಬೋರ್ಡು ಅವಳದೇ ಆಯ್ಕೆ. ಹಳೆಯ ಬಗೆಯ ಮೆಮೊರಿ ಪಟ್ಟಿಗೂ ಅದರಲ್ಲಿ ಜಾಗವಿತ್ತು, ಈಗ ಬಂದಿರುವ ಹೊಸ ಬಗೆಯದಕ್ಕೂ ಇತ್ತು. ಸದ್ಯ ಹಳೆಯದರಲ್ಲೇ ನಡೆಸೋಣ, ಮುಂದೆ ಹೊಸದಕ್ಕೆ ದಾಟಿದರಾಯಿತು ಎಂದು ಅಪ್ಪನನ್ನು ಒಪ್ಪಿಸಿದ್ದಳು. ಬಾಯಿ ಬಿಟ್ಟರೆ ಮುತ್ತು ಉದುರೀತು ಎಂಬಂತಿದ್ದ ಮಗಳು ಅಷ್ಟು ಮಾತಾಡಿದ್ದಕ್ಕೇ ಅಪ್ಪ ಬೆರಗಾಗಿದ್ದರು. ಚಿಕ್ಕಪ್ಪ ಮಾತ್ರ, ಎರಡು ದೋಣಿಯ ಮೇಲೆ ಕಾಲಿಟ್ಟ ಹಾಗಾದೀತು ನೋಡು ಎಂದು ನಕ್ಕಿದ್ದರು.

ಪರವೂರಿನ ಮದುವೆಯ ಫೋಟೋ ತೆಗೆಯಲು ಹೊರಡುವಾಗ ಅಪ್ಪ ಇಬ್ಬರ ಎದುರಿಗೇ ಹೇಳಿದ್ದರು, ಸ್ಟುಡಿಯೋ ಇನ್ನು ಯಾರ ಕೈಗೆ ಎಂಬುದನ್ನು ಬಂದ ಮೇಲೆ ತೀರ್ಮಾನಿಸುತ್ತೇನೆ ಎಂದು. ಅಪ್ಪನ ಕುರ್ಚಿಯ ಪಕ್ಕದಲ್ಲಿ ನಿಂತೇ ಚಿಕ್ಕಪ್ಪನ ಕೂದಲು ಹಣ್ಣಾಗಿತ್ತು.

ಅಪ್ಪ ಬರುವುದರೊಳಗೆ ಕೆಲಸ ಚುರುಕಾಗಲಿ ಎಂದು ಅವಳು ಹೊಸ ಮೆಮೊರಿ ತಂದಿದ್ದಳು. ಹಳೆಯದನ್ನು ತೆಗೆಯದೆ, ಅದರ ಪಕ್ಕದಲ್ಲೇ ಒತ್ತಿ ಕೂರಿಸಿದ್ದಳು. ಜಾಗ ಕೊಟ್ಟಿರುವುದು ತುಂಬುವುದಕ್ಕೇ ತಾನೆ?

"ಅಪ್ಪನಿಗೆ ಹೇಳಿದ್ಯಾ?" ಚಿಕ್ಕಪ್ಪ ಕೇಳಿದರು.

ಇಲ್ಲವೆಂದು ತಲೆಯಾಡಿಸಿದಳು.

"ಹೇಳ್ಬೇಡ. ನಾನೇ ಹೇಳ್ತೀನಿ."

ಚಪ್ಪಲಿ ಮೆಟ್ಟಿಕೊಂಡು ಹೊರಟೇಹೋದರು.

ಇಷ್ಟು ವರ್ಷ ಕಾದಿದ್ದ ಚಿಕ್ಕಪ್ಪನಿಗೆ ಕಾಲ ಕೂಡಿಬಂತು, ಎಂದುಕೊಂಡಳು. ಆದರೂ ಯಂತ್ರದ ವಿಷಯದಲ್ಲಿ ಅಪ್ಪ ನಂಬುವುದು ಅಂಗಡಿಬೀದಿಯ ರಿಪೇರಿಯವರನ್ನು. ಅವರು ಹೇಳಿದ್ದೇ ಕೊನೆಯ ಮಾತು. ಕಂಪ್ಯೂಟರನ್ನು ಹಳೆಯ ಹೊದಿಕೆಯಲ್ಲಿ ಸುತ್ತಿ, ನಿದ್ದೆಹೋದ ಮಗುವಿನಂತೆ ಎತ್ತಿಕೊಂಡು ನಡೆದಳು. ಹೇಳಬೇಕಾದ ಮಾತು ದಾರಿಯುದ್ದಕ್ಕೂ ಬಾಯಲ್ಲಿ ಹದವಾಯಿತು.

ರಿಪೇರಿಯವರು ಮುಚ್ಚಳ ತೆಗೆದು ನಿಟ್ಟುಸಿರಿಟ್ಟರು. ಇಂಥ ಬೋರ್ಡಿನಲ್ಲಿ ಹಳೆಯದಾದರೂ ಇರಬೇಕು, ಹೊಸದಾದರೂ ಇರಬೇಕು. ಎರಡೂ ಒಟ್ಟಿಗೆ ಕೂಡದು. ಬೋರ್ಡು ಹೋಗಿದೆ ಎಂದರು.

ಯಾರು ಮಾಡಿದ್ದು ಎಂದು ಅವರು ಕೇಳಲಿಲ್ಲ. ಅವಳೇ ಹೇಳಿದಳು.

"ಚಿಕ್ಕಪ್ಪ ಮಾಡಿದ್ದು. ನಾನು ಬೇಡ ಅಂದೆ, ಕೇಳ್ಲಿಲ್ಲ."

ತನ್ನ ಹೆಸರು ಹೇಳುವಾಗಲೂ ತಡವರಿಸುವ ನಾಲಿಗೆ ಈಗ ಎಲ್ಲಿಯೂ ತೊಡರಲಿಲ್ಲ. ಕತ್ತು ಮಾತ್ರ ತಾನಾಗಿಯೇ ಬಾಗಿತು. ನಾಳೆ ಚಿಕ್ಕಪ್ಪನ ಮುಖ ಹೇಗೆ ನೋಡಲಿ? ನೋಡದಿದ್ದರಾಯಿತು.

"ಹೂಂ, ಗೊತ್ತಮ್ಮ," ಎಂದರು ರಿಪೇರಿಯವರು. "ನಿಮ್ಮ ಚಿಕ್ಕಪ್ಪ ಈಗಷ್ಟೇ ಬಂದು ಹೋದ್ರು. 'ಕೈಯಾಡಿಸಿ ಕೆಡಿಸಿದ್ದು ನಾನೇ, ಹುಡುಗಿದೇನೂ ತಪ್ಪಿಲ್ಲ, ಸ್ಟುಡಿಯೋ ಅವಳಿಗೇ ಕೊಟ್ಟುಬಿಡು' ಅಂತ ನಿಮ್ಮಪ್ಪನಿಗೆ ಇಲ್ಲಿಂದ್ಲೇ ಫೋನ್ ಮಾಡಿದ್ರು."