ಪೈಲ್ವಾನ ಅಳಿಯ

ರಾಚಪ್ಪ ಎದುರಾಳಿಯನ್ನು ಸೊಂಟಕ್ಕೆ ಹಿಡಿದು ಎತ್ತಿದ. ಒಂದು ಸುತ್ತು ತಿರುಗಿಸಿ ಕೆಮ್ಮಣ್ಣಿಗೆ ಒಗೆದ. ಕಟ್ಟೆಯ ಮೇಲೆ ಕೂತು ನೋಡುತ್ತಿದ್ದ ಅಮಾತೆಪ್ಪನಿಗೆ ತಾನೇ ಗೆದ್ದಷ್ಟು ಹಿಗ್ಗಾಯಿತು.

"ಸಿಕ್ಕ ನೋಡು ನನ್ನ ಅಳಿಯ!"

ಅಮಾತೆಪ್ಪ ಇಳಕಲ್ಲಿನ ಸೀರೆ ವ್ಯಾಪಾರಿ. ಸೆರಗು ಮುಟ್ಟಿ ನೂಲು ಯಾವುದೆಂದು ಹೇಳುತ್ತಿದ್ದ; ಮನುಷ್ಯರನ್ನೂ ಹಾಗೇ ಅಳೆಯುತ್ತೇನೆಂಬ ಸೊಕ್ಕು ಬೇರೆ. ಅವನಿಗಿದ್ದ ಒಂದೇ ತಲೆಬೇನೆ ಮಗಳು ಬನಶಂಕರಿ. ಅವಳು ಹಾಡುತ್ತಿದ್ದಳು. ಚಲೋ ಹಾಡುತ್ತಿದ್ದಳು ಎಂಬುದು ಇನ್ನೂ ದೊಡ್ಡ ತಲೆಬೇನೆ. ಎಪ್ಪತ್ತಾರರ ಬೇಸಿಗೆಯಲ್ಲಿ ಧಾರವಾಡ ರೇಡಿಯೋದವರು ಧ್ವನಿ ಪರೀಕ್ಷೆಗೆ ಬಾ ಎಂದು ಕರೆದರು. ಅವತ್ತೇ ಅವಳ ಹಾರ್ಮೋನಿಯಂ ಅಟ್ಟ ಸೇರಿತು, ಅಪ್ಪ ವರ ಹುಡುಕಲು ಹೊರಟ.

"ಹಾಡೋ ಮಂದೀನೂ ಮಂದೀನ?" ಎಂದು ಬಸ್ಸಿನಲ್ಲಿ ಪಕ್ಕದವನ ತಲೆ ತಿಂದ. "ಒಂದ್ತಾಸು ಹಾಡ್ತಾರ, ಉಳಿದದ್ದೆಲ್ಲಾ ಶೋಕಿ. ಹುನಗುಂದದಾಗ ಒಬ್ಬ ತಬಲಾದಂವ ಪಾರಿವಾಳ ಹಾರಸ್ತಾನ. ಬಾಗಲಕೋಟ್ಯಾಗ ಒಬ್ಬ ಸಾರಂಗಿಯಂವ ಹೊಳಿ ದಂಡಿಗೆ ಗಾಳ ಹಾಕ್ಕೊಂಡು ಕುಂಡರತಾನ. ಮೀನು ಸಿಕ್ರ ತಿರುಗಿ ನೀರಿಗೇ ಬಿಡ್ತಾನಂತ! ಥೂ! ನನ್ನ ಮಗಳ ಬಾಯಿ ಮುಚ್ಚಸೋ ಗಂಡಸು ಬೇಕು ನನಗ."

ಗಂಡಸುತನದ ಬಗ್ಗೆ ಇಷ್ಟು ಮಾತಾಡುವ ಅಮಾತೆಪ್ಪ ಜನ್ಮದಲ್ಲಿ ಎತ್ತಿದ ಭಾರವೆಂದರೆ ಸೀರೆಯ ಗಂಟು. ಅದನ್ನೂ ಮುಕ್ಕಾಲು ದಾರಿ ಆಳೇ ಹೊರುತ್ತಿದ್ದ.

ವರನ ಸುದ್ದಿ ಹೇಳಿದ್ದು ಚೊಳಚಗುಡ್ಡದಲ್ಲಿದ್ದ ಅವನ ಅಕ್ಕ ಹುಚ್ಚವ್ವ. "ಹೊಲ ಐತಿ, ಮನಿ ಐತಿ. ಭಾರಿ ತಾಲೀಮಿನ ಹುಡುಗ," ಎಂದಿದ್ದಳು, ಅಷ್ಟೆ. ಅಕ್ಕನ ಹೆಸರಿನಲ್ಲಿರುವುದೇ ತಲೆಯಲ್ಲೂ ಇದೆ ಎಂದು ತಮ್ಮನ ಬಹುದಿನದ ನಂಬಿಕೆ. ಅದಕ್ಕೇ ಈಗ ಖುದ್ದಾಗಿ ನೋಡಲು ಬಂದಿದ್ದ.

ತಾಲೀಮು ಮನೆಯ ಹಿರಿಯ ಚಾಂದಸಾಬನನ್ನು ವಿಚಾರಿಸಿದ. "ಹುಡುಗ ದಿನಾ ಬರ್ತಾನೇನು?"

"ಸಂಜಿಮುಂದ ಒಂದೀಟು ಬರ್ತಾನ್ರಿ. ಅವನ ಖರೆ ತಾಲೀಮು ಬಸಯ್ಯಜ್ಜಾರ ಹಂತ್ಯಾಕ." ಆ ಹೆಸರು ಹೇಳಿ ಚಾಂದಸಾಬ ಎರಡೂ ಕಿವಿ ಮುಟ್ಟಿಕೊಂಡ. "ಭಾಳ ದೊಡ್ಡ ಉಸ್ತಾದ್ರಿ."

ಅಮಾತೆಪ್ಪನಿಗೆ ಇನ್ನೇನು ಬೇಕು? ಅವತ್ತೇ ರಾತ್ರಿ ಅಕ್ಕನ ಪಡಸಾಲೆಯಲ್ಲಿ ವರನನ್ನು ಎದುರಿಗೆ ಕೂಡಿಸಿಕೊಂಡ.

"ಬಸಯ್ಯನವರ ಹಂತ್ಯಾಕ ಎಷ್ಟು ದಿನದ ತಾಲೀಮಪಾ?"

"ಸಣ್ಣಾಂವ ಇದ್ದಾಗಿಂದರಿ."

"ಬೈಠಕ್?"

"ನಸುಕಿಗೆ ಒಂದು ಬೈಠಕ್ ಆಗಾಕ ಬೇಕ್ರಿ. ಬೆಳಕ ಹರಿಯೂತನಕ ಬಿಡಂಗಿಲ್ಲ."

"ದಮ್ಮು?"

"ಎಲ್ಲಾ ಅದರಾಗ ಐತ್ರಿ. ದಮ್ಮು ಕಡೀತಂದ್ರ ಮಂದಿ ಮುಂದ ಮರ್ಯಾದಿ ಹೋತು."

"ಊಟ?"

"ಬಿಸಿ ಹಾಲು, ಬಾದಾಮಿ. ಹುಳಿ ಮುಟ್ಟಂಗಿಲ್ರಿ."

"ಭಲೆ!" ಅಮಾತೆಪ್ಪ ಅವನ ರಟ್ಟೆ ಹಿಚುಕಿ ನೋಡಿದ. ಸೀರೆಯಾಗಿದ್ದರೆ ಅಲ್ಲೇ ಮಡಚಿ ಗಂಟಿಗೆ ಹಾಕುತ್ತಿದ್ದ. "ನೋಡಪಾ, ನಮ್ಮ ಹುಡುಗಿಗೆ ರಾಗಾ ಎಳಿಯೋ ಚಟ ಐತಿ."

ರಾಚಪ್ಪ ನೆಲ ನೋಡಿದ. "ನಮ್ಮ ಮನಿಗೆ ಬರ್ಲಿರಿ. ತಪ್ಪಿದಲ್ಲೇ ತಿದ್ದತೇನಿ."

ಒಳಗೆ ಹುಚ್ಚವ್ವನಿಗೆ ಇದ್ದಕ್ಕಿದ್ದಂತೆ ಕೆಮ್ಮು ಬಂತು.

ಇಳಕಲ್ಲಿನಲ್ಲಿ ಬನಶಂಕರಿ ಊಟ ಬಿಟ್ಟು ಅತ್ತಳು. "ಅಪ್ಪಾ, ನಿನ್ನ ಕಾಲಿಗೆ ಬೀಳ್ತೇನಿ. ಪೈಲ್ವಾನಗ ಕೊಡಬ್ಯಾಡ. ನನ್ನ ಹಾಡು ಸತ್ತ ಹೋಕೈತಿ."

"ಸಾಯ್ಲಿ ಅಂತನ ಕೊಡಾಕತ್ತೇನಿ," ಎಂದ ಅಪ್ಪ.

ಮದುವೆಯ ಹಿಂದಿನ ದಿನ ಹುಚ್ಚವ್ವ ಬಂದಳು. ಹುಡುಗಿಯನ್ನು ಅಡುಗೆಮನೆಗೆ ಎಳೆದುಕೊಂಡು ಹೋಗಿ ಕಿವಿಯಲ್ಲಿ ಏನೋ ಹೇಳಿದಳು. ಅಳು ನಿಂತೇ ಹೋಯಿತು. ಅಳಿಯನ ರಟ್ಟೆಯ ಹೆದರಿಕೆ ಹಾಕಿರಬೇಕು ಎಂದು ಅಮಾತೆಪ್ಪ ಅಕ್ಕನನ್ನು ಮೊದಲ ಸಲ ಮೆಚ್ಚಿಕೊಂಡ.

ಅಕ್ಷತೆಗೆ ಬಸಯ್ಯಜ್ಜ ಬಂದಿದ್ದರು. ಕಡ್ಡಿಯಂಥ ದೇಹ. ಪೈಲ್ವಾನರು ಮುಪ್ಪಿನಲ್ಲಿ ಹೀಗೇ ಇಳಿದುಹೋಗುತ್ತಾರೆ ಎಂದು ಅಮಾತೆಪ್ಪ ಬಂದವರಿಗೆಲ್ಲ ತಿಳಿಸಿ ಹೇಳಿದ. ಅಂಥ ಜಾಣ.

ಪಂಚಮಿ ಹಬ್ಬಕ್ಕೆ ಮಗಳನ್ನು ಕರೆತರಲು ಚೊಳಚಗುಡ್ಡಕ್ಕೆ ಹೋದ. ಅಳಿಯನ ಮನೆಯ ಅಂಗಳದ ತುಂಬ ಚಪ್ಪಲಿ. ಒಳಗಿನಿಂದ ಗಂಡಸಿನ ಹಾಡು. ಅಮಾತೆಪ್ಪನ ಮೈ ಉರಿಯಿತು. ಯಾವನೋ ಭಿಕಾರಿ ಹಾಡುಗಾರ ಮನೆ ಹೊಕ್ಕಿದ್ದಾನೆ, ಅಳಿಯ ಹೊಲಕ್ಕೆ ಹೋಗಿರಬೇಕು. ಬರಲಿ, ಇವನ ಎಲುಬು ಮುರಿಯುತ್ತಾನೆ! ಮೀಸೆ ತಿರುವಿಕೊಂಡು ಮಂದಿಯನ್ನು ಸರಿಸಿ ನುಗ್ಗಿದ.

ಜಮಖಾನದ ನಡುವೆ ಕಣ್ಣು ಮುಚ್ಚಿ ಹಾಡುತ್ತಿದ್ದವನು ರಾಚಪ್ಪ. ಪಕ್ಕದಲ್ಲಿ ತಂಬೂರಿ ಹಿಡಿದ ಬನಶಂಕರಿ. ಅವನು ನಿಲ್ಲಿಸಿದಲ್ಲಿಂದ ಅವಳು ಎತ್ತಿಕೊಂಡಳು. ದನಿ ಮೇಲೇರಿ ನಿಂತಾಗ ಬಸಯ್ಯಜ್ಜ ತೊಡೆ ತಟ್ಟಿ, "ಭಲೆ ಮಗಳ! ಧಾರವಾಡದಾಗೂ ಹಿಂಗ ಹಾಡು," ಎಂದರು.

ಅಮಾತೆಪ್ಪ ಹೊಸ್ತಿಲ ಮೇಲೇ ಕುಸಿದು ಕೂತ. ಪಕ್ಕದಲ್ಲಿ ತಾಳ ಹಾಕುತ್ತಿದ್ದ ಅಕ್ಕನ ಸೆರಗು ಜಗ್ಗಿದ.

"ಅಕ್ಕಾ... ಮತ್ತ ಆ ಕುಸ್ತಿ?"

"ಅಯ್ಯ, ಅದು ಬರೇ ಶೋಕಿನೋ ತಮ್ಮಾ. ಹಾಡೋ ಮಂದಿಗೆ ಒಂದಿಲ್ಲೊಂದು ಇರತೈತಿ."